‘ಪಾಳು ಭೂಮಿ’ಯ ಕಾಫಿ

ಬಹ್ರೈನಿನ ಮನಾಮದಲ್ಲಿ ಆಹಾರ ಪದಾರ್ಥ ಆಮದು ಮಾಡುವ ಒಂದು ಕಂಪನಿಯ ಜಾಹೀರಾತು ವಿಭಾಗದಲ್ಲಿ ನನ್ನ ಕೆಲಸ. ಅಕ್ಕಿ ಚೀಲದ ಮೇಲಿನ ಬರಹದಿಂದ ಸೂಪರ್ ಮಾರ್ಕೆಟಿನ ಬಾಗಿಲಿಗೆ ಅಂಟಿಸುವ ಪೋಸ್ಟರಿನವರೆಗೆ ಎಲ್ಲವೂ ನನ್ನ ಮೇಜಿನಿಂದಲೇ ಹೋಗಬೇಕು. ಕೆಲವು ವರ್ಷಗಳ ಹಿಂದೆ ಕೊಡಗಿನ ಒಂದು ತೋಟದ ಕಾಫಿಯನ್ನು ಇಲ್ಲಿಗೆ ತರಿಸಿ, ಆಹಾರ ಮೇಳದಲ್ಲಿ ಮಳಿಗೆ ಹಾಕಿ ಮಾರುವುದೆಂದು ನಿರ್ಧಾರವಾಯಿತು. ನಮ್ಮ ಮ್ಯಾನೇಜರ್ ಬೆಂಗಳೂರಿನವರು. ಅವರಿಗೆ ಎಲ್ಲದರ ಹಿಂದೆಯೂ ಒಂದು ಕಥೆ ಬೇಕು. ಆ ಕಥೆ ಬಹ್ರೈನಿನಲ್ಲೇ ಸಿಕ್ಕಿಬಿಟ್ಟಿತು.

ಆ ತೋಟವನ್ನು ಮೊದಲು ಮಾಡಿದ ಬಿಳಿಯನ ಮರಿಮಗ ಇಲ್ಲೇ ಇದ್ದರು. ಎಂಬತ್ತರ ಆಸುಪಾಸಿನ ಇಂಗ್ಲಿಷ್ ಮುದುಕ. ಹುಟ್ಟಿದ್ದು ತೋಟದ ಬಂಗಲೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಮನೆಯವರು ತೋಟ ಮಾರಿ ಇಂಗ್ಲೆಂಡಿಗೆ ಮರಳಿದಾಗ ಚಿಕ್ಕ ಮಗು. ದೊಡ್ಡವರಾದ ಮೇಲೆ ಎಂಜಿನಿಯರ್ ಆಗಿ ಬಹ್ರೈನಿಗೆ ಬಂದವರು ಹಿಂದಿರುಗಿ ಹೋಗಲೇ ಇಲ್ಲ. ಹೆಂಡತಿ ತೀರಿಕೊಂಡಿದ್ದರು. ಮಾತಾಡಲು ಯಾರಾದರೂ ಸಿಕ್ಕಿದರೆ ಸಾಕು ಎಂಬಂತೆ, ಹಳೆಯ ಫೋಟೋಗಳನ್ನು ಎದೆಗವಚಿಕೊಂಡು ನಮ್ಮ ಆಫೀಸಿಗೆ ಬಂದರು.

ಬಂಗಲೆ, ಕುದುರೆ, ಮೆಟ್ಟಿಲ ಮೇಲೆ ಸಾಲಾಗಿ ಕೂತ ನಾಯಿಗಳು. ಒಂದೊಂದು ನಾಯಿಯ ಹೆಸರನ್ನೂ ಅವರು ಹೇಳಿದರು. ಆ ಕಾಲದಲ್ಲಿ ಸರ್ಕಾರ ಕಾಡನ್ನು ಪಾಳು ಭೂಮಿ ಎಂದು ಕರೆದು ಹರಾಜು ಹಾಕುತ್ತಿತ್ತಂತೆ. ಮುತ್ತಜ್ಜ ಕೊಂಡದ್ದು ಹಾಗೆ. ಬೆಳೆ ಕೈಗೆ ಬಂದಾಗ ಅದೇ ಸರ್ಕಾರ ಕಾಫಿಯನ್ನು ಲಂಡನ್ನಿಗೆ ಒಯ್ದು ಪ್ರದರ್ಶನಕ್ಕಿಟ್ಟಿತು. ಅದರ ಫೋಟೋ ಕೂಡ ಇತ್ತು. ಕಾಫಿ ಮೂಟೆಗಳನ್ನು ಒಪ್ಪವಾಗಿ ಪೇರಿಸಿದ ಮಳಿಗೆ. ಅದರ ಎರಡು ಬದಿಗೆ ಕೊಡಗಿನಿಂದ ಕರೆದೊಯ್ದ ಇಬ್ಬರು ಗಂಡಸರು. ತಲೆಗೆ ಹೊಸ ಮುಂಡಾಸು, ಕಾಲು ಬರಿದು.

“ಇದನ್ನೇ ದೊಡ್ಡದು ಮಾಡಿ ಹಿಂದಿನ ಗೋಡೆಗೆ ಹಾಕೋಣ ಮೇಡಂ,” ಎಂದರು ಮ್ಯಾನೇಜರ್. “ಮುಂದೆ ನಮ್ಮ ಕಡೆಯ ಒಬ್ಬರು ಟ್ರೆಡಿಷನಲ್ ಡ್ರೆಸ್ಸಲ್ಲಿ ಕಾಫಿ ಕೊಡ್ಲಿ. ಕೊಡಗಿನೋರು ಯಾರಾದ್ರೂ ಗೊತ್ತಾ ನಿಮಗೆ?”

ಗೊತ್ತಿದ್ದಳು. ನನ್ನ ಸೊಂಟನೋವಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ. ಹೂರಾದಲ್ಲಿ ನಾಲ್ಕು ಜನ ನರ್ಸುಗಳ ಜತೆ ಒಂದು ಫ್ಲ್ಯಾಟಿನಲ್ಲಿದ್ದಳು. ಕಾಡಿನ ಕುರುಬರ ಮನೆಯವಳು. ಕಾಡಂಚಿನ ಹಾಡಿಯಿಂದ ಹೊರಟು ಆಶ್ರಮಶಾಲೆಯಲ್ಲಿ ಓದಿ, ಮೈಸೂರು ದಾಟಿ ಇಲ್ಲಿಗೆ ಬಂದಿದ್ದಳು. ಕೇಳಿದ ಕೂಡಲೇ ಒಪ್ಪಿದಳು. “ಊರಿನ ಕಾಫಿ ವಾಸನೆ ಆದ್ರೂ ಸಿಗ್ತದಲ್ಲಾ ಅಕ್ಕಾ,” ಎಂದಳು.

ಮೇಳದ ಬೆಳಿಗ್ಗೆ ಜನ ಬರುವ ಮುಂಚೆಯೇ ನಾವು ಸೇರಿದೆವು. ಮ್ಯಾನೇಜರ್ ಎಲ್ಲಿಂದಲೋ ಒಂದು ರೇಷ್ಮೆ ಸೀರೆ ತರಿಸಿದ್ದರು. ಹಿಂದಕ್ಕೆ ನೆರಿಗೆ ಹಾಕಿ ಉಡುವುದಂತೆ.

“ಇದು ಕೊಡವರ ಉಡುಗೆ ಅಕ್ಕಾ. ನಮ್ಮದಲ್ಲ,” ಎಂದು ಹುಡುಗಿ ನಕ್ಕಳು. ಆದರೂ ಬೇಡ ಎನ್ನಲಿಲ್ಲ. ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಮಳಿಗೆಯ ಒಳಗೆ ಬಂದಳು. ಅಲ್ಲಿ ಗೋಡೆಯ ತುಂಬ ಲಂಡನ್ನಿನ ಫೋಟೋ. ಅವಳು ಅದರ ಮುಂದೆ ನಿಂತೇಬಿಟ್ಟಳು. ಪಕ್ಕದ ಫಲಕದಲ್ಲಿ ಮುದುಕರು ಹೇಳಿದ ಮಾತುಗಳಿದ್ದವು: ಖಾಲಿ ಬಿದ್ದಿದ್ದ ಕಾಡನ್ನು ಸರ್ಕಾರದಿಂದ ಕೊಂಡು ಹೊನ್ನಾಗಿಸಿದ ಕುಟುಂಬ.

“ಖಾಲಿ ಬಿದ್ದಿತ್ತಾ?” ಎಂದು ಕೇಳಿದಳು. ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದಿರುವವರು ಕೇಳಿದ ಹಾಗಿತ್ತು.

“ನಿಮ್ಮದು ಅದೇ ಜಾಗವಾ?” ಎಂದೆ.

“ಅಲ್ಲ, ಅದರಿಂದ ಆಚೆ. ಆದ್ರೆ ಎಲ್ಲ ಕಡೇನೂ ಅದೇ ಅಲ್ವಾ? ಜೇನು, ಗೆಣಸು ಅಂತ ನಮ್ಮೋರು ಅಲ್ಲೇ ಓಡಾಡ್ತಿದ್ರು. ನಮ್ಮ ದೇವರ ಕಲ್ಲು ಈಗಲೂ ತೋಟದ ಒಳಗೇ ಉಂಟು. ಪೂಜೆಗೆ ಹೋಗ್ಬೇಕಾದ್ರೆ ಮೇಸ್ತ್ರಿ ಹತ್ರ ಕೇಳ್ಬೇಕು.”

ಆ ಹೊತ್ತಿಗೆ ಮುದುಕರು ಬಂದರು. ಕಡುನೀಲಿ ಕೋಟು, ಕೈಯಲ್ಲಿ ಊರುಗೋಲು. ನಾನು ಇಬ್ಬರಿಗೂ ಪರಿಚಯ ಮಾಡಿಸಿದೆ. ಅವಳು ಫೋಟೋದ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು: “ಇವರಿಬ್ಬರ ಹೆಸರು ಏನು ಸರ್?”

ಮುದುಕರು ಫೋಟೋ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ಗೊತ್ತಿಲ್ಲ,” ಎಂದರು. “ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.” ಅವರ ಕುತ್ತಿಗೆ ಕೆಂಪಗಾಗಿತ್ತು.

“ಆಮೇಲೆ ಇವರಿಬ್ಬರು ಊರಿಗೆ ವಾಪಸ್ ಬಂದ್ರಾ?”

“ಅದೂ ಗೊತ್ತಿಲ್ಲ.”

ಅವಳು ಸೀರೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. “ನಾನು ಹೀಗೆ ವೇಷ ಹಾಕ್ಕೊಂಡು ಈ ಫೋಟೋದವರ ಮುಂದೆ ನಿಲ್ಲಲ್ಲ ಅಕ್ಕಾ. ಬೇಜಾರು ಮಾಡ್ಕೊಬೇಡಿ. ಒಂದು ಕುರ್ಚಿ ಕೊಟ್ರೆ ಚೂಡಿದಾರದಲ್ಲೇ ಕೂತು ಕಾಫಿ ಹಾಕಿ ಕೊಡ್ತೀನಿ. ಕಾಫಿ ಮೇಲೆ ನನಗೆ ಸಿಟ್ಟಿಲ್ಲ.”

ಮ್ಯಾನೇಜರ್ ತಲೆ ಚಚ್ಚಿಕೊಂಡರು. “ಏನ್ರೀ ಇದು, ಲಾಸ್ಟ್ ಮಿನಿಟಲ್ಲಿ!” ಎಂದು ನನ್ನನ್ನು ನೋಡಿದರು. ಅವರಿಗೆ ಉತ್ತರ ಕೊಟ್ಟದ್ದು ಮುದುಕರು. ಆ ಫಲಕ ತೆಗೆಯಿರಿ, ಅದರಲ್ಲಿರುವುದು ನನ್ನ ಮಾತು, ನಾನೇ ಬೇಡ ಎನ್ನುತ್ತಿದ್ದೇನೆ ಎಂದರು. ಅದರ ಬದಲು ಏನು ಬರೆಯುವುದು ಎಂಬ ಮಾತು ಬಂತು. ಜನರಿದ್ದ ಕಾಡನ್ನು ಸರ್ಕಾರ ಪಾಳು ಎಂದು ಮಾರಿತು ಎಂದೇ ಬರೆಯೋಣ ಎಂದೆ. ಕಾಫಿ ಮಾರುವ ಕಡೆ ಅಷ್ಟೆಲ್ಲ ಆಗಲ್ಲ ಎಂದರು ಮ್ಯಾನೇಜರ್. ಕೊನೆಗೆ ಫಲಕವೂ ಹೋಯಿತು, ಫೋಟೋವನ್ನೂ ಇಳಿಸಿದೆವು. ಗೋಡೆ ಬೋಳಾಗಿಯೇ ಉಳಿಯಿತು. ಅದು ಸರಿಯಾಯಿತೋ ಇಲ್ಲವೋ ಎಂದು ನನಗೆ ಇವತ್ತಿಗೂ ಅನುಮಾನ. ಸುಳ್ಳು ಹೋಯಿತು ನಿಜ. ಫೋಟೋದ ಆ ಇಬ್ಬರೂ ಅದರ ಜತೆಗೇ ಹೋದರು.

ಅವಳು ಕೂತು ಕಾಫಿ ಬಗ್ಗಿಸಿದಳು. ಮುದುಕರು ಊರುಗೋಲನ್ನು ಮೂಲೆಗೆ ಒರಗಿಸಿ, ಯಾರೂ ಹೇಳದೆಯೇ ಕಪ್ಪುಗಳನ್ನು ಬಂದವರ ಕೈಗೆ ದಾಟಿಸತೊಡಗಿದರು. ಬಹ್ರೈನಿ ಹೆಂಗಸರು ಮೂಸಿ ನೋಡಿ ಏಲಕ್ಕಿ ಹಾಕಿಲ್ಲವೇ ಎಂದು ಕೇಳಿದರು. ಮುಹರ್ರಕ್‌ನಿಂದ ಬಂದ ಬ್ಯಾರಿ ಕುಟುಂಬವೊಂದು “ಹಾಲು ಹಾಕಿದ್ದು ಇಲ್ವಾ?” ಎಂದಿತು. ಮಧ್ಯಾಹ್ನದ ಹೊತ್ತಿಗೆ ಮುದುಕರ ಕಾಲು ನಡುಗುತ್ತಿದ್ದದ್ದನ್ನು ಮೊದಲು ಕಂಡವಳು ಅವಳೇ. ತನ್ನ ಕುರ್ಚಿ ಬಿಟ್ಟುಕೊಟ್ಟು, ಅವರ ಮಂಡಿ ಒತ್ತಿ ನೋಡಿ, “ನಾಳೆಯಿಂದ ನಮ್ಮ ಕ್ಲಿನಿಕ್ಕಿಗೆ ಬನ್ನಿ,” ಎಂದಳು.

ಮರುದಿನವೇ ಅವರು ಕ್ಲಿನಿಕ್ಕಿಗೆ ಹೋದರು. ಹಾಗೆ ಶುರುವಾದ ಸ್ನೇಹ ನಮ್ಮ ಮೂವರದ್ದು. ಒಂದು ಶುಕ್ರವಾರ ಉಮ್ ಅಲ್ ಹಸ್ಸಮ್‌ನ ನನ್ನ ಮನೆಯಲ್ಲಿ ನೀರುದೋಸೆ ತಿನ್ನುತ್ತ ಕೂತಿದ್ದಾಗ ಅವಳ ಅಮ್ಮನ ವಿಡಿಯೋ ಕಾಲ್ ಬಂತು. ಹುಡುಗಿ ಫೋನನ್ನು ಮುದುಕರ ಕಡೆ ತಿರುಗಿಸಿ, ಇವರು ಯಾರು ಎಂದು ವಿವರಿಸಿದಳು. ಆ ಹೆಂಗಸು ಮುಖವನ್ನು ಹತ್ತಿರ ತಂದು ನೋಡಿದರು.

“ಅಯ್ಯೋ, ಇಷ್ಟು ವಯಸ್ಸಾಗಿದ್ಯಾ! ಒಬ್ರೇ ಇದ್ದಾರಾ? ಅಡುಗೆ ಯಾರು ಮಾಡ್ತಾರೆ?”

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮುದುಕರು ದೋಸೆಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಆಮೇಲೆ, ನಿಮ್ಮ ಜಾಗ ಈಗ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ಕೇಳಿದರು.

“ಎಲ್ಲಿ ಸ್ವಾಮಿ!” ಎಂದು ಅಮ್ಮ ಗಟ್ಟಿಯಾಗಿ ನಕ್ಕರು. “ನಿಮ್ಮ ಸರ್ಕಾರ ಹೋಯ್ತು, ನಮ್ಮದೇ ಸರ್ಕಾರ ಬಂತು. ಹಕ್ಕುಪತ್ರ ಬರ್ತದೆ ಬರ್ತದೆ ಅಂತಾರೆ. ಬಂದಾಗ ಬರ್ಲಿ. ನಾವು ಎಲ್ಲಿಗೂ ಹೋಗಿಲ್ಲವಲ್ಲ.”

ಮನೆಯ ಮುಂದೆ ಏನು ಬೆಳೆದಿದ್ದೀರಿ ಎಂದರು ಮುದುಕರು. ಅಮ್ಮ ಹೊರಗೆ ಬಂದು ಫೋನನ್ನು ಎತ್ತಿ ಹಿಡಿದರು. ಬೇಲಿ, ನಾಲ್ಕು ಬಾಳೆ, ಹಲಸಿನ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಮುದುಕರು ಪರದೆಗೆ ಮುಖವಿಟ್ಟು, ಇದು ಯಾವ ಗಿಡ, ಅದು ಯಾವ ಗಿಡ ಎಂದು ಒಂದೊಂದನ್ನೂ ಕೇಳುತ್ತ ಹೋದರು. ಅಮ್ಮ ಬೇಸರವಿಲ್ಲದೆ ಎಲ್ಲದರ ಹೆಸರು ಹೇಳಿದರು.