ಆರ್ಡಿತ್ ಪ್ಲಂಕೆಟ್‌ಳ ಎಡಗಡೆಯ ಕುರ್ಚಿ

ಪೋಕರ್ ಮೇಜಿನ ಮೇಲೆ ಹೊಸದಾಗಿ ಒಂದು ಡಾಲರೂ ಹುಟ್ಟುವುದಿಲ್ಲ. ನೀವು ಗೆದ್ದು ಮನೆಗೆ ಒಯ್ದದ್ದು ಮತ್ತೊಬ್ಬರು ಮನೆಯಿಂದ ತಂದದ್ದೇ. ನಡುವೆ ಕ್ಯಾಸಿನೊ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ಸಿಕ್ಕಲ್ಲೆಲ್ಲ ನೀವು ನನ್ನನ್ನು ಕೇಳುವುದು ಇದನ್ನೇ: ಆಟ ಸುಧಾರಿಸಿಕೊಳ್ಳುವುದು ಹೇಗೆ, ಈ ಊರಲ್ಲಿ ಒಳ್ಳೆಯ ಆಟ ಎಲ್ಲಿ ಸಿಗುತ್ತದೆ? ಒಳ್ಳೆಯ ಆಟ ಎಂದು ನೀವು ಮರ್ಯಾದೆಯಾಗಿ ಕರೆಯುವುದು, ಕೆಟ್ಟದಾಗಿ ಆಡುವ ಒಬ್ಬ ಮನುಷ್ಯ ಕೂತಿರುವ ಮೇಜನ್ನು. ಆ ಮನುಷ್ಯನಿಗೆ ಒಂದು ಹೆಸರಿರುತ್ತದೆ. ಬೌಲ್ಡರ್ ಹೆದ್ದಾರಿಯ ಬದಿಯ ಕ್ಯಾಸಿನೊದಲ್ಲಿ, ಬೆಳಗಿನ ಮೇಜಿನಲ್ಲಿ, ಆ ಹೆಸರು ಆರ್ಡಿತ್ ಪ್ಲಂಕೆಟ್.

ಆರ್ಡಿತ್ ನೆಬ್ರಾಸ್ಕಾದವಳು. ಗಂಡ ಡೀನ್ ಜೊತೆ ಲಾಸ್ ವೇಗಸ್‌ಗೆ ಬಂದು, ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬೇರೆಯವರ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ವಯಸ್ಸು ಕಳೆದಳು. ಮೇಲೆ ಜನ ಕುಡಿದು ಚೆಲ್ಲಿದ್ದನ್ನು ಕೆಳಗೆ ಇವಳು ಬೆಳ್ಳಗೆ ಮಾಡಿ ಮಡಿಸಿ ಕಳಿಸುವಳು. ಆ ಹೋಟೆಲಿನ ಮೇಲಂತಸ್ತುಗಳನ್ನು ಅವಳು ಸರಿಯಾಗಿ ನೋಡಿದ್ದೇ ಇಲ್ಲ. ಮಕ್ಕಳಿಲ್ಲ. ಡೀನ್ ಒಂದು ಮಧ್ಯಾಹ್ನ ಟೀವಿ ಎದುರಿನ ಕುರ್ಚಿಯಲ್ಲೇ ತೀರಿಕೊಂಡ. ಇವಳಿರುವ, ಗಾಲಿಯ ಮೇಲಿನ ಟ್ರೇಲರ್ ಮನೆಗಳ ಓಣಿಯಲ್ಲಿ ನೆರೆಯವರು ಹೆಸರು ಹೇಳಿಕೊಳ್ಳುವಷ್ಟರಲ್ಲಿ ಬೇರೆಡೆಗೆ ಹೋಗಿಬಿಡುತ್ತಾರೆ.

ಕ್ಯಾಸಿನೊಗೆ ಅವಳು ಮೊದಲು ಬಂದದ್ದು ಅಗ್ಗದ ತಿಂಡಿಗಾಗಿ: ಹ್ಯಾಮು, ಮೊಟ್ಟೆ, ಎಷ್ಟು ಬೇಕಾದರೂ ಕಾಫಿ. ತಿಂದು ಏಳುವಾಗ ಪೋಕರ್ ಕೋಣೆಯಿಂದ ಯಾರೋ ಕರೆದರು.

“ಬಾಮ್ಮಾ, ಒಂದ್ ಕುರ್ಚಿ ಖಾಲಿ ಇದೆ. ಸುಮ್ನೆ ಕೂತ್ಕೊ.”

ಕೂತಳು. ಮರುದಿನವೂ ಬಂದಳು.

ಅವಳ ಆಟ ಹೇಗಿತ್ತೆಂದರೆ, ಕೈಗೆ ಬಂದ ಇಸ್ಪೀಟು ಎಲೆ ಯಾವುದಾದರೂ ಸರಿ, ಅವಳಿಗೆ ಅದನ್ನು ಎಸೆದು ಆ ಸುತ್ತು ಬಿಟ್ಟುಕೊಡಲು ಮನಸ್ಸೇ ಬಾರದು. “ತಟ್ಟೇಲಿ ಬಡಿಸಿದ್ದನ್ನ ಬಿಟ್ಟು ಏಳೋದಾ?” ಎನ್ನುವಳು. ಒಂದು ಜೊತೆ ನಾಲ್ಕನ್ನು ಹಿಡಿದುಕೊಂಡು ಕೊನೆಯ ಪಣದವರೆಗೂ ಹೋಗುವಳು, ಸೋತು ನಗುವಳು, ಕೈಚೀಲದಿಂದ ಬೆಣ್ಣೆ ಮಿಠಾಯಿ ತೆಗೆದು ಹಂಚುವಳು. ಪಿಂಚಣಿಯಲ್ಲಿ ಬಾಡಿಗೆ, ದಿನಸಿ, ಔಷಧಿ ಕಳೆದು ಉಳಿದದ್ದೆಲ್ಲ ಆ ಮೇಜಿಗೆ ಹೋಗುತ್ತಿತ್ತು.

ಆ ಮೇಜಿನ ಕಾಯಂ ಗಿರಾಕಿಗಳು ಇಬ್ಬರು. ಹಳೆಯ ಕಾರು ಮಾರುತ್ತಿದ್ದು, ಅದನ್ನು ಬಿಟ್ಟು ಈಗ ಇಲ್ಲೇ ಹೊಟ್ಟೆ ಹೊರೆಯುವ ಹಾಲಿಸ್ ವೀಮ್ಸ್. ಜೈಲಿನ ಕಾವಲುಗಾರನಾಗಿ ನಿವೃತ್ತನಾದ ರಾಯ್ಸ್. ಇವರಿಬ್ಬರಿಗೂ ದಿನಾ ಬೆಳಗಾದರೆ ಜಗಳ, ಅದೂ ಆರ್ಡಿತ್‌ಳ ಎಡಗಡೆಯ ಕುರ್ಚಿಗಾಗಿ.

“ಏ ಹಾಲಿಸ್, ನಿನ್ನೆ ನೀನೇ ಕೂತಿದ್ದೆ. ಏಳೋ, ಇವತ್ತು ನಂದು.”

“ಹೋಗಲೇ. ಬಾಗಿಲು ತೆಗೆಯೋಕ್ ಮುಂಚೆನೇ ಬಂದು ಕಾದಿದೀನಿ. ರಾಣಿ ಪಕ್ಕ ಕೂರೋಕೂ ಪುಣ್ಯ ಬೇಕು. ಅಲ್ವಾ ರಾಣಿ?”

ಆರ್ಡಿತ್ ಕೆಂಪೇರುವಳು. “ಥೂ, ಮುದುಕಿಗೋಸ್ಕರ ಇಬ್ರು ಗಂಡಸ್ರು ಕಿತ್ತಾಡೋದಾ! ಡೀನ್ ಇದ್ದಿದ್ರೆ ಏನಂತಿದ್ನೋ!” ಎಂದು, ಮೊದಲ ಮಿಠಾಯಿಯನ್ನು ಗೆದ್ದವನ ಕೈಗಿಡುವಳು.

ಒಮ್ಮೆ ಹೊಸಬನೊಬ್ಬ ಅವಳಿಗೆ ಸೋತು ರೇಗಿದ. “ಇಂಥಾ ಕಸ ಹಿಡ್ಕೊಂಡು ಕೊನೇ ತನಕ ಯಾರ್ರೀ ಬರ್ತಾರೆ? ನಾನ್ ಪಣ ಏರಿಸಿದಾಗ್ಲೇ ಎಸೀಬೇಕಿತ್ತು ನೀವು!” ಹಾಲಿಸ್ ಅವನ ತೋಳು ಹಿಡಿದು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದ. “ಪಾಠ ಹೇಳ್ಬೇಡ್ವೋ ಮುಠ್ಠಾಳ. ಅವಳು ಕಲಿತ್ರೆ ನಾವೆಲ್ಲ ಕೆಲ್ಸಕ್ಕೆ ಹೋಗ್ಬೇಕಾಗತ್ತೆ.” ಮಾತು ಅವಳ ಕಿವಿಗೆ ಬೀಳಲಿಲ್ಲ. ತನ್ನ ಮರ್ಯಾದೆ ಕಾಯಲು ಒಬ್ಬ ಗಂಡಸು ಎದ್ದು ಹೋದದ್ದು ಮಾತ್ರ ಕಣ್ಣಿಗೆ ಬಿತ್ತು. ಅಂದಿನಿಂದ ಹಾಲಿಸ್‌ಗೆ ಎರಡು ಮಿಠಾಯಿ.

ಆ ಕಣ್ಣುಗಳಿಗೆ ಪೊರೆ ಬಂದಿತ್ತು. ಎರಡಕ್ಕೂ ಶಸ್ತ್ರಚಿಕಿತ್ಸೆ ಆಗಬೇಕು, ಮೊದಲು ಬಲಗಣ್ಣಿಗೆ ಎಂದರು ಡಾಕ್ಟರು. ಆದರೆ ಒಂದು ಷರತ್ತು: ಮುಗಿದ ಮೇಲೆ ಮನೆಗೆ ಕರೆದೊಯ್ಯಲು ಗುರುತಿನವರೊಬ್ಬರು ಬಂದಿರಲೇಬೇಕು, ಟ್ಯಾಕ್ಸಿ ಒಪ್ಪುವುದಿಲ್ಲ. ಯಾರೂ ಬಾರದಿದ್ದರೆ ಕಣ್ಣು ಮುಟ್ಟುವುದೇ ಇಲ್ಲ. ಆರ್ಡಿತ್‌ಗೆ ಗುರುತಿನವರೆಂದರೆ ಈ ಮೇಜು. ಕೇಳಿದಳು.

“ಇದೂ ಒಂದ್ ಕೇಳೋ ವಿಷ್ಯಾನಾ ರಾಣಿ? ನಾನಿದೀನಿ,” ಎಂದ ಹಾಲಿಸ್.

“ಇವನ ಕಾರು ಅರ್ಧ ದಾರೀಲೇ ಸಾಯತ್ತೆ. ನಾನ್ ಬರ್ತೀನಮ್ಮ,” ಎಂದ ರಾಯ್ಸ್.

ಅಂದು ಸಂಜೆ ಮನೆಗೆ ಹೋಗಿ ಡೀನ್‌ನ ಫೋಟೋಗೆ ಅವಳು ಅದನ್ನು ಹೇಳಿದಳಂತೆ. ಇದನ್ನು ನನಗೆ ತಿಳಿಸಿದವಳು ಮಾರಿಸೋಲ್, ಆ ಮೇಜಿನಲ್ಲಿ ಎಲೆ ಹಂಚುತ್ತಿದ್ದವಳು.

ಹಂಚುವವರು ಆಟದ ಬಗ್ಗೆ ತುಟಿ ಬಿಚ್ಚುವಂತಿಲ್ಲ, ಬಿಚ್ಚಿದರೆ ಕೆಲಸ ಹೋಗುತ್ತದೆ. ಮಾರಿಸೋಲ್ ಮಣಿಕಟ್ಟು ನೋವು ಹೆಚ್ಚಾಗಿ, ಕೆಲಸ ಬಿಟ್ಟು ಮಗಳಿರುವ ಟೂಸಾನ್‌ಗೆ ಹೊರಟಿದ್ದಳು. ಕೊನೆಯ ದಿನ ಕಾರು ನಿಲ್ಲಿಸುವಲ್ಲಿ ಆರ್ಡಿತ್‌ಳನ್ನು ತಡೆದಳು.

“ಆ ಕುರ್ಚಿಗೆ ಯಾಕ್ ಕಿತ್ತಾಡ್ತಾರೆ ಗೊತ್ತಾ ಅಮ್ಮ?”

“ಹಾಲಿಸ್‌ಗೆ ನನ್ ಮಿಠಾಯಿ ಅಂದ್ರೆ...”

“ಸರದಿ ಎಡಕ್ಕೆ ಹೋಗತ್ತೆ. ನಿಮ್ಮ ಎಡಕ್ಕೆ ಕೂತವನು ನೀವು ಮಾಡೋದನ್ನ ನೋಡಿ ಆಮೇಲೆ ತನ್ನ ಆಟ ಆಡ್ತಾನೆ. ನಿಮ್ ದುಡ್ಡು ಮೊದ್ಲು ಅವನ ಕೈಗೆ. ಅದಕ್ಕೇ ಕಣಮ್ಮ. ಬೇರೆ ಏನೂ ಇಲ್ಲ.”

ಆರ್ಡಿತ್ ಕೇಳಿದ್ದು ಇಷ್ಟು: “ನಾನೂ ಚೆನ್ನಾಗ್ ಆಡಿದ್ರೆ? ಅವರ ಸರಿಸಮ ಆದ್ರೆ? ಆಗ ನಿಜವಾಗ್ಲೂ ಸ್ನೇಹ ಆಗತ್ತಲ್ವಾ?”

ಮಾರಿಸೋಲ್ ತನ್ನ ಮನೆ ಖಾಲಿ ಮಾಡುವವರೆಗೆ ದಿನಾ ಆರ್ಡಿತ್‌ಳ ಅಡುಗೆ ಮೇಜಿನಲ್ಲಿ ಕೂತು ಕಲಿಸಿದಳು. ನೀವು ನನ್ನನ್ನು ಕೇಳುವ ಉಪಾಯಗಳೆಲ್ಲ ಅಲ್ಲೇ ಇವೆ, ಬೇಕಾದರೆ ತೆಗೆದುಕೊಳ್ಳಿ. ಬಂದ ಎಲೆಗಳಲ್ಲಿ ಬಹುಪಾಲು ಎಸೆಯಿರಿ. ನಿಮ್ಮ ಸರದಿ ಕೊನೆಗೆ ಬರುವಾಗ ಧೈರ್ಯ ಮಾಡಿ, ಮೊದಲಿಗೆ ಬರುವಾಗ ಬಾಲ ಮುದುರಿ. ಎಸೆದ ಮೇಲೂ ಫೋನು ನೋಡಬೇಡಿ, ಆಡುವವರ ಮುಖ ನೋಡಿ. ಹಾಕಿದ ದುಡ್ಡಿನ ಆಸೆಗೆ ಇನ್ನಷ್ಟು ಹಾಕಬೇಡಿ. ದಣಿದಾಗ ಎದ್ದು ಹೋಗಿ. ಜನ ನಗುತ್ತ ಸೋಲುತ್ತಿರುವ ಮೇಜು ಹುಡುಕಿ.

“ನಗ್ತಾ ಸೋಲೋದು ಅಂದ್ರೆ ನನ್ ಥರ,” ಎಂದಳಂತೆ ಆರ್ಡಿತ್.

ಕಲಿತಳು. ಜೀವಮಾನವಿಡೀ ಮೇಜುಬಟ್ಟೆಗಳ ಮಡಿಕೆಗೆ ಮಡಿಕೆ ಕೂಡಿಸಿದ ಹೆಂಗಸಿಗೆ ತಾಳ್ಮೆಯನ್ನು ಯಾರೂ ಕಲಿಸಬೇಕಿರಲಿಲ್ಲ. ಮಾರಿಸೋಲ್ ಊರು ಬಿಟ್ಟ ವಾರದಲ್ಲೇ ಆರ್ಡಿತ್ ಎಲೆ ಎಸೆಯತೊಡಗಿದಳು. ಎಸೆದಳು, ಎಸೆದಳು, ಕಾದು ಕೂತು ಒಮ್ಮೆ ಏರಿಸಿದಳು. ಹಾಲಿಸ್ ತಮಾಷೆಯೆಂದು ನಂಬಿ ಹಣ ಕಟ್ಟಿದ, ಅವಳು ಒಂದು ಜೊತೆ ರಾಜರನ್ನು ತಿರುಗಿಸಿಟ್ಟಳು.

“ಏನ್ ರಾಣಿ, ಯಾರೋ ಟ್ಯೂಷನ್ ಕೊಟ್ಟ ಹಾಗಿದೆ?” ಅವನ ಬಾಯಿ ಮಾತ್ರ ನಗುತ್ತಿತ್ತು.

ಮುಂದಿನ ವಾರ ಎಡಗಡೆಯ ಕುರ್ಚಿಗೆ ಜಗಳವಾಗಲಿಲ್ಲ. ಅದರ ಮುಂದಿನ ವಾರ ಅಲ್ಲಿ ಯಾರೂ ಕೂರಲಿಲ್ಲ. ಅವಳು ಬಂದು ಕೂತರೆ ಇಬ್ಬರೂ ಪಣದ ಬಿಲ್ಲೆ ಎತ್ತಿಕೊಂಡು ಬೇರೆ ಮೇಜಿಗೆ ನಡೆದರು. ಅವಳು ನೀಡಿದ ಮಿಠಾಯಿಗೆ ರಾಯ್ಸ್, “ಸಕ್ಕರೆ ಕಾಯಿಲೆ ಕಣಮ್ಮ,” ಎಂದ. ಅವನ ಕೈಯಲ್ಲಿ ಸಕ್ಕರೆ ಸವರಿದ ಡೋನಟ್ ಇತ್ತು.

ಆಸ್ಪತ್ರೆಯಿಂದ ಫೋನು ಬಂತು: ಜೊತೆಗೆ ಬರುವವರ ಹೆಸರು ಹೇಳಿ. ಅವಳು ಅವರಿಬ್ಬರೂ ಕೂತಿದ್ದ ಮೇಜಿಗೆ ಹೋಗಿ ನಿಂತಳು.

“ಆವತ್ತಾ? ಆವತ್ತು ಮೊಮ್ಮಗನ ಬೇಸ್‌ಬಾಲ್ ಆಟ ಇದೆ,” ಎಂದ ಹಾಲಿಸ್ ತಲೆಯೆತ್ತದೆ.

“ಮಂಡಿ ನೋವು. ಕಾರು ಓಡಿಸೋಕಾಗ್ತಿಲ್ಲ,” ಎಂದ ರಾಯ್ಸ್.

ಹೆಸರು ಹೇಳಲಾಗಲಿಲ್ಲ, ದಿನ ಮುಂದಕ್ಕೆ ಹೋಯಿತು. ಮತ್ತೊಮ್ಮೆ ತಪ್ಪಿದರೆ ಸರದಿಯ ಬಾಲಕ್ಕೆ ಎಂದು ಎಚ್ಚರಿಸಿದರು. ಅಷ್ಟು ಹೊತ್ತಿಗೆ ಅವಳು ರಸ್ತೆ ದಾಟುವಾಗ ಕಾರುಗಳ ಸದ್ದು ಕೇಳಿಕೊಂಡು ಹೆಜ್ಜೆ ಇಡುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಆರ್ಡಿತ್ ಹಾಲಿಸ್‌ನ ಮೇಜಿಗೇ ಹೋಗಿ ಕೂತಳು. ಏಳು ಮತ್ತು ಎರಡು ಬಂದವು. ಅದಕ್ಕಿಂತ ದರಿದ್ರ ಜೊತೆ ಈ ಆಟದಲ್ಲಿಲ್ಲ, ಅದು ಈಗ ಅವಳಿಗೂ ಗೊತ್ತಿತ್ತು. ಹಣ ಕಟ್ಟಿದಳು. ಅವನು ಏರಿಸಿದ, ಕಟ್ಟಿದಳು. ಮತ್ತೆ ಏರಿಸಿದ, ಇದ್ದದ್ದನ್ನೆಲ್ಲ ನೂಕಿದಳು. ಸೋತ ಮೇಲೆ ಎಲ್ಲರಿಗೂ ಕಾಣುವಂತೆ ಎಲೆ ತಿರುಗಿಸಿಟ್ಟು ನಕ್ಕಳು.

“ಎಸೆಯೋಕೆ ಮನಸ್ಸೇ ಬರ್ಲಿಲ್ಲ ನೋಡಿ.”

ರಾಯ್ಸ್ ಎಡಗಡೆಯ ಕುರ್ಚಿಗೆ ಜಿಗಿದ. ಹಾಲಿಸ್ ಅವಳ ಬೆನ್ನು ತಟ್ಟಿದ. “ನಮ್ ರಾಣಿ ವಾಪಸ್ ಬಂದ್ಲಪ್ಪಾ! ಅಂದ ಹಾಗೆ, ಕಣ್ಣಿಂದು ಯಾವತ್ತು ಅಂದ್ರು?”

ಕರೆದುಕೊಂಡು ಹೋದ, ಸುಳ್ಳು ಹೇಳಬಾರದು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕಾರಿನಲ್ಲಿ ಕೂತವಳಿಗೆ, ತಿರುವು ಮನೆಯ ಕಡೆಯದಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಮಲಗಿರ್ಬೇಕು ಅಂದ್ಲು ನರ್ಸು.”

“ಮನೇಲಿ ಒಬ್ಳೇ ಗೋಡೆ ನೋಡ್ತಾ ಏನ್ ಮಾಡ್ತೀಯಾ? ಎಲ್ರೂ ಕಾಯ್ತಿದಾರೆ. ಒಂದೇ ಗಂಟೆ.”

ಕೋಣೆಯಲ್ಲಿ ಚಪ್ಪಾಳೆ ತಟ್ಟಿದರು. ಎಡಗಡೆ ಆಗಲೇ ಕೂತಿದ್ದ ರಾಯ್ಸ್‌ನನ್ನು ಹಾಲಿಸ್ ಎಬ್ಬಿಸಿದ: “ಪೆಟ್ರೋಲ್ ನಂದು, ಕುರ್ಚಿನೂ ನಂದೇ.” ಔಷಧಿಯ ಮಂಪರು, ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಆರ್ಡಿತ್ ಎಲೆಗಳನ್ನು ಮುಖದ ಹತ್ತಿರಕ್ಕೆ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಪಕ್ಕದವನೂ ನೋಡಿದ. ಒಂದು ಗಂಟೆ ಮಧ್ಯಾಹ್ನವಿಡೀ ಬೆಳೆಯಿತು. ಅವಳು ನಗುತ್ತಲೇ ಇದ್ದಳು, ಅವರೂ ನಕ್ಕರು.

ಎಡಗಣ್ಣಿನ ಸರದಿ ಇನ್ನೂ ಬಾಕಿಯಿದೆ. ಅದಕ್ಕೂ ಯಾರಾದರೂ ಬರಬೇಕು. ಆದ್ದರಿಂದ ಇಂದೂ ಅವಳು ಅಲ್ಲಿ ಕೂತಿದ್ದಾಳೆ, ಬಂದ ಎಲೆಯನ್ನೆಲ್ಲ ಆಡುತ್ತಿದ್ದಾಳೆ.

ಕೇಳಿದಿರಲ್ಲ, ಹೇಳಿದ್ದೇನೆ: ಈ ಊರಿನ ಒಳ್ಳೆಯ ಆಟ ಅಲ್ಲಿದೆ, ಹೋಗಿ. ಆದರೆ ಕೂತ ಕೂಡಲೇ, ಒಂದು ಬಿಲ್ಲೆ ಮುಂದಿಡುವ ಮೊದಲು, ಹಾಲಿಸ್‌ಗೂ ಕೇಳುವಂತೆ ಗಟ್ಟಿಯಾಗಿ ಹೇಳಿ: “ಆರ್ಡಿತ್, ನಿಮ್ಮ ಎಲೆ ಪಕ್ಕದವರಿಗೆ ಕಾಣ್ತಿದೆ, ಕೆಳಗೆ ಹಿಡೀರಿ. ಎಡಗಣ್ಣಿಗೆ ನಾನು ಬರ್ತೀನಿ.”