ಅಷ್ಟಮಿಯ ದಿನ ಹಾಯಿ ಬಿಚ್ಚಿದ್ದು

ಆರು ದಿನದ ಲಾಡ್ಜು, ಊಟ, ಕಾಫಿ ಎಲ್ಲ ಸೇರಿ ನನಗೆ ಎರಡು ಸಾವಿರದ ಚಿಲ್ಲರೆ ದಂಡ ಬಿತ್ತು. ಕಾರಣ, ನಾವು ಒಳ್ಳೆಯ ದಿನ ನೋಡಿ ಹೊರಟಿದ್ದು. ಇವತ್ತು ಗೋಡೆಗೆ ಹೊಸ ಕ್ಯಾಲೆಂಡರ್ ಹಾಕುವಾಗ ಅಷ್ಟಮಿ ಎಂದು ಬರೆದ ಚೌಕದ ಮೇಲೆ ಕಣ್ಣು ನಿಂತು, ಅದೆಲ್ಲ ನೆನಪಾಯಿತು.

ಕೊಪ್ಪದಲ್ಲಿ ಹಳೇ ಪಂಪ್‌ಸೆಟ್ಟು, ಹಳೇ ಜೀಪು ಕೊಂಡು, ರಿಪೇರಿ ಮಾಡಿಸಿ ಮಾರುತ್ತ ಮೇಲೆ ಬಂದವನು ನಾನು. ಎರಡು ಸಾವಿರದ ಐದೋ ಆರೋ ಇರಬೇಕು. ನರಸಿಂಹರಾಜಪುರದ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಿದರೆ ನಾಲ್ಕು ಕಾಸು ಹುಟ್ಟೀತು ಎಂದು ಲೆಕ್ಕ ಹಾಕಿ, ಓಡಾಡುವ ಜೀಪನ್ನೇ ಮಾರಿ, ಕುಂದಾಪುರದ ಆಚೆ ಒಂದು ಹಾಯಿದೋಣಿ ಕೊಂಡೆ. ಅದು ಮುಳುಗಿದರೆ ನಾನೂ ಮುಳುಗಿದೆ ಎಂದೇ ಅರ್ಥ. ಅದು ಇದ್ದದ್ದೋ ಅಳಿವೆಯ ಬಾಯಲ್ಲಿ, ನದಿ ಸಮುದ್ರ ಸೇರುವ ಕಡೆ, ಲಾರಿ ಬಾರದ ಮರಳು ದಿಬ್ಬದ ಮೇಲೆ. ದಕ್ಷಿಣಕ್ಕೆ ಐದಾರು ಗಂಟೆ ಹಾಯಿಯಲ್ಲಿ ಹೋದರೆ ಇನ್ನೊಂದು ಅಳಿವೆ. ಅದರೊಳಗೆ ಕ್ರೇನ್ ಇರುವ ಜೆಟ್ಟಿ; ಅಲ್ಲಿ ಲಾರಿಗೇರಿಸಿ ಘಟ್ಟ ಹತ್ತಿಸಬೇಕು.

ಜೊತೆಗೆ ಬಂದವರು ನನ್ನ ಹೆಂಡತಿಯ ಅಣ್ಣ, ಮೆಣಸೆಯ ಭಾವ. ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಮನುಷ್ಯ. ಅಮಾವಾಸ್ಯೆ ಕಳೆದ ಬಿದಿಗೆಯ ಬೆಳಿಗ್ಗೆ ಮುಹೂರ್ತ ಇಟ್ಟುಕೊಟ್ಟಿದ್ದರು. ದೋಣಿ ನಡೆಸಲು ಗೊತ್ತುಮಾಡಿದ್ದ ಮಂಜಣ್ಣ ಮಾತ್ರ ಈಗ ಆಗುವುದಿಲ್ಲ, ಅಷ್ಟಮಿಗೆ ಹೋಗೋಣ ಎಂದ. ಬಾಡಿಗೆ ಏರಿಸುವ ಉಪಾಯ ಎಂದುಕೊಂಡೆ. ನಾನೇ ಎಷ್ಟು ಸಲ ಹಾಗೆ ಮಾಡಿಲ್ಲ? ಎರಡರಷ್ಟು ಕೊಡುತ್ತೇನೆ ಎಂದೆ.

"ದುಡ್ಡ್ ನಂಗ್ ಕೊಟ್ರೆ ನಾ ತಕಂತೆ. ಆ ನೀರಿಗೆ ಯಾರ್ ಕೊಡ್ತ್ರ್?" ಎಂದ ಮಂಜಣ್ಣ.

ಮಧ್ಯಾಹ್ನ ಕಳೆದ ಮೇಲೆ ನಮ್ಮಿಬ್ಬರನ್ನೂ ದಿಬ್ಬದ ತುದಿಗೆ ಕರೆದೊಯ್ದು ನಿಲ್ಲಿಸಿದ. ನಾನು ತುಂಗೆಯನ್ನು ನೋಡಿ ಬೆಳೆದವನು. ನದಿ ಒಂದೇ ದಿಕ್ಕಿಗೆ ಹೋಗುತ್ತದೆ ಎಂದು ನಂಬಿದವನು. ಬೆಳಿಗ್ಗೆ ನನ್ನ ಕಣ್ಣೆದುರಿಗೇ ಘಟ್ಟದ ಕಡೆ ನುಗ್ಗುತ್ತಿದ್ದ ಅದೇ ನೀರು ಈಗ ಕಡಲಿಗೆ ಓಡುತ್ತಿತ್ತು. ಎದುರಿನಿಂದ ಪಡುವಣ ಗಾಳಿ. ಎರಡೂ ಢಿಕ್ಕಿ ಹೊಡೆಯುವ ಕಡೆ ಅಲೆಗಳು ಬರುತ್ತಲೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ. ನಿಂತಲ್ಲೇ ನಿಂತು ಒಡೆಯುತ್ತಿದ್ದವು. ತೇಲಿಬಂದ ದೊಡ್ಡ ದಿಮ್ಮಿಯೊಂದು ಅದರೊಳಗೆ ಹೊಕ್ಕು, ನೆಟ್ಟಗೆ ಕಂಬದ ಹಾಗೆ ಎದ್ದು, ಕಾಣದಾಯಿತು.

ಮಂಜಣ್ಣ ಬೆರಳ ಗೆಣ್ಣು ಎಣಿಸುತ್ತ ಹೇಳಿದ: ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರಿನ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಸೆಳೆತ ಸಾಧು. ಆ ದಿನ ಬೆಳಗಾಗುವಾಗ ನೀರು ತುಂಬಿ ನಿಲ್ಲುತ್ತದೆ. ಅದು ಇಳಿಯಲು ಶುರುವಾದಾಗ ಅದರ ಜೊತೆಗೇ ಹೊರಬಿದ್ದು, ನೆಲದ ಕಡೆಯಿಂದ ಬೀಸುವ ಗಾಳಿಯಲ್ಲಿ ಸಾಗಿದರೆ, ಮಧ್ಯಾಹ್ನ ಆ ಅಳಿವೆಯ ಬಾಯಿಗೆ ಮುಟ್ಟುವಾಗ ನೀರು ಒಳಗೆ ಹೊರಟಿರುತ್ತದೆ. ನಾವು ಮನೆಬಿಟ್ಟು ಹೊರಡದ ತಿಥಿಯನ್ನೇ ಹುಡುಕಿ ಹೊರಡುವವರು ಇವರು.

ದೋಣಿಗೆ ಮೂರು ಜನ ಬೇಕಿತ್ತು. ಅಷ್ಟಮಿಗೆ ಭಾವ ಬಾರರೆಂದು ನನಗೆ ಖಾತ್ರಿ. ಆದರೆ ಆ ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ದೋಣಿಯಲ್ಲಿ ಕೂತಿದ್ದಾರೆ.

"ಅಷ್ಟಮಿ ಅಲ್ವಾ ಭಾವ?"

"ನಾನು ಹೊರಟು ಆರು ದಿನ ಆಯ್ತಲ್ಲ ಮಾರಾಯ. ಬಿದಿಗೆ ಮುಹೂರ್ತಕ್ಕೇ ಚೀಲ ತಂದು ಇದ್ರಲ್ಲಿ ಇಟ್ಟಿದ್ದೆ. ಪ್ರಸ್ಥಾನ ಆದ್ಮೇಲೆ ಎಂತ ಅಷ್ಟಮಿ?"

ಮುಹೂರ್ತಕ್ಕೆ ಸಾಮಾನು ಹೊರಗಿಟ್ಟರೆ ಮನುಷ್ಯ ಹೊರಟ ಲೆಕ್ಕ; ನಮ್ಮಲ್ಲಿ ಹಾಗುಂಟು. ಶಾಸ್ತ್ರದ ಜೊತೆಗೂ ಚೌಕಾಸಿ ನಡೆಯುತ್ತದೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಆದರೆ ದೋಣಿಯ ಅಂಚನ್ನು ಅವರು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಆ ದಿಮ್ಮಿಯನ್ನು ಅವರೂ ನೋಡಿದ್ದರು. ಈ ದೋಣಿಗಾಗಿ ನನ್ನ ಜೀಪು ಹೋದದ್ದೂ ಅವರಿಗೆ ಗೊತ್ತಿತ್ತು.

ನದಿ ನಿಂತಿತ್ತು. ಅಷ್ಟು ದೊಡ್ಡ ನದಿ, ಬಟ್ಟಲಲ್ಲಿಟ್ಟ ಹಾಗೆ. ಆಮೇಲೆ ಮೆಲ್ಲಗೆ ಸರಿಯತೊಡಗಿತು, ನಾವೂ ಸರಿದೆವು. ಹಾಯಿ ಒಮ್ಮೆ ಪಟಪಟಿಸಿ ತುಂಬಿಕೊಂಡಿತು. ಅಲೆಗಳು ನಿಂತು ಒಡೆಯುತ್ತಿದ್ದ ಜಾಗ ಇದೇ ಎಂದು ಮಂಜಣ್ಣ ತೋರಿಸುವಷ್ಟರಲ್ಲಿ ಅದನ್ನು ದಾಟಿಯಾಗಿತ್ತು; ಪಂಚೆಯ ಅಂಚೂ ಒದ್ದೆಯಾಗಲಿಲ್ಲ. ಮಧ್ಯಾಹ್ನ ತೆಂಕಣ ಅಳಿವೆಯ ಬಾಯಲ್ಲಿ ಅವನು ಹಾಯಿ ಇಳಿಸಿ ಬೀಡಿ ಹಚ್ಚಿದ. ನೀರು ತಾನಾಗಿ ನಮ್ಮನ್ನು ಒಳಗೆ ಕರೆದುಕೊಂಡಿತು. ಚಂದ್ರ, ಗಾಳಿ, ಎರಡು ನದಿಗಳ ಹೊತ್ತು, ಇಷ್ಟನ್ನೂ ಗೆಣ್ಣಿನಲ್ಲಿ ಎಣಿಸಿದ್ದವನ ಎದುರಿಗೆ ಕೂತು, ಅವನ ಬಾಡಿಗೆಯಲ್ಲಿ ಐವತ್ತು ಮುರಿಯಬೇಕು ಎಂದು ಹೊರಟಿದ್ದ ನಾನು ಪೂರ್ತಿ ಬಾಡಿಗೆಯನ್ನೇ ಎಣಿಸಿ ಕೊಟ್ಟೆ.

ಈಗ ವ್ಯಾಪಾರದಲ್ಲಿ ಯಾರಾದರೂ "ಇವತ್ತು ಆಗಲ್ಲ" ಎಂದರೆ ರೇಟು ಏರಿಸುವುದಿಲ್ಲ, ಯಾಕೆ ಎಂದು ಕೇಳುತ್ತೇನೆ. ನಿಮಗೂ ಹೇಳುತ್ತೇನೆ: ದೋಣಿ ಹಿಡಿಯುವಾಗ ಬಾಡಿಗೆಯ ಮಾತು ಆಮೇಲಿರಲಿ. ಯಾವ ದಿನ, ಯಾವ ಹೊತ್ತಿಗೆ ಬರುವುದಿಲ್ಲ ಎಂದು ದೋಣಿಯವನನ್ನು ಮೊದಲು ಕೇಳಿ. ಯಾವಾಗ ಬೇಕಾದರೂ ಬರುತ್ತೇನೆ ಎನ್ನುವವನ ದೋಣಿ ಪುಕ್ಕಟೆ ಸಿಕ್ಕರೂ ಹತ್ತಬೇಡಿ.