ಎದುರು ಮನೆಯ ಕಸ

ನಮ್ಮತ್ತೆ ಧಾರವಾಡದಿಂದ ನ್ಯೂಕ್ಯಾಸಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಸೂಟ್‌ಕೇಸಿನಲ್ಲಿ ಒಂದು ಕಸಬರಿಗೆಯನ್ನೂ ತಂದಿದ್ದರು. "ನಿಮ್ಮ ಗುಂಯ್ ಅನ್ನೋ ಮಶಿನ್ ಮ್ಯಾಲ ನನಗ ನಂಬಿಕಿ ಇಲ್ಲವಾ" ಎಂದರು. ಹೋಗಲಿ ಬಿಡಿ, ಆದರೆ ಸಂಜೆ ನಾನು ವ್ಯಾಕ್ಯೂಮ್ ಹಾಕಿದರೂ ತಪ್ಪು! "ದೀಪಾ ಹಚ್ಚಿದ ಮ್ಯಾಲ ಕಸಾ ಹೊಡಿಬಾರ್ದು, ಲಕ್ಷ್ಮಿ ಹೊರಗ ಹೋಗ್ತಾಳ." ಕರ್ಕ್‌ಲ್ಯಾಂಡಿನ ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬರುವವಳಿಗೆ ದೀಪ ಹಚ್ಚುವ ಮೊದಲು ಪುರುಸೊತ್ತು ಎಲ್ಲಿಂದ ಬರಬೇಕು? ನನ್ನ ತವರು ಮೈಸೂರಿನ ಮರ್ಯಾದೆ ಕಾಪಾಡಲು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ಅತ್ತೆಗೆ ಇಲ್ಲಿದ್ದ ಒಬ್ಬರೇ ಗೆಳತಿ ಎಂದರೆ ಎದುರು ಮನೆಯ ಚೀನೀ ಅಜ್ಜಿ. ಅವರಿಗೆ ಚೀನೀ ಬಿಟ್ಟು ಬೇರೆ ಬಾರದು, ಇವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಆದರೂ ಎರಡು ಬಾಗಿಲುಗಳ ನಡುವೆ ಕುರ್ಚಿ ಹಾಕಿಕೊಂಡು ಇಬ್ಬರೂ ಹೊತ್ತು ಮುಳುಗುವವರೆಗೆ ಹರಟುತ್ತಿದ್ದರು. ಅಜ್ಜಿಯ ಸೊಸೆಗೆ ಆಗ ದಿನ ತುಂಬಿತ್ತು. ಹಿಂದೊಮ್ಮೆ ಗರ್ಭ ನಿಂತಿರಲಿಲ್ಲ ಎಂಬುದನ್ನು ಅಜ್ಜಿ ಕೈಸನ್ನೆಯಲ್ಲೇ ಹೇಳಿಕೊಂಡಿದ್ದರು. ಅಂದಿನಿಂದ ಅತ್ತೆ ಆ ಹುಡುಗಿಯ ಪಾಲಿಗೂ ಒಂದು ಬತ್ತಿ ಹಚ್ಚುತ್ತಿದ್ದರು.

ಆ ವರ್ಷ ಚೀನೀಯರ ಹೊಸ ವರ್ಷ ನಮ್ಮ ರಜೆಯ ದಿನವೇ ಬಂತು. ಹಿಂದಿನ ಸಂಜೆ ಎದುರು ಮನೆಗೆ ನೆಂಟರು ಬಂದು ಉಂಡು ಹೋಗಿದ್ದರು. ಬೆಳಿಗ್ಗೆ ನೋಡಿದರೆ ಅವರ ಬಾಗಿಲ ಮುಂದೆಲ್ಲ ಕಡಲೆಕಾಯಿ ಸಿಪ್ಪೆ, ಕೆಂಪು ಕಾಗದದ ಚೂರು. ಅತ್ತೆಯ ಕೈ ಸುಮ್ಮನಿರುತ್ತದೆಯೇ?

"ಹಬ್ಬದ ದಿನಾ ಬಾಗಲಾ ಮುಂದ ಹಿಂಗ ಕಸಾ ಇರಬೇಕೇನು? ಪಾಪ, ಆ ಸೊಸೀಗೆ ಬಗ್ಗಾಕ ಆಗೂದಿಲ್ಲ" ಎಂದು ತಮ್ಮ ಕಸಬರಿಗೆಯಿಂದ ಹೊಸ್ತಿಲವರೆಗೆ ಗುಡಿಸಿ, ನಮ್ಮ ಕಸದ ಚೀಲಕ್ಕೆ ತುಂಬಿ, ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದರು.

ಅಜ್ಜಿ ಬಾಗಿಲು ತೆರೆದರು. ಥಳಥಳ ಹೊಳೆಯುವ ನೆಲವನ್ನೂ ಅತ್ತೆಯ ಕೈಯ ಕಸಬರಿಗೆಯನ್ನೂ ನೋಡಿ, ಎದೆ ಹಿಡಿದುಕೊಂಡು ಏನೋ ಕೂಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಮಗ ಬ್ಯಾಗು ಹಿಡಿದು, ಹೆಂಡತಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಬಂದ. ನೋವು ಶುರುವಾಗಿತ್ತು. ಆತ, ಹೊಸ ವರ್ಷದ ದಿನ ಗುಡಿಸಿದರೆ ಮನೆಯ ಅದೃಷ್ಟವೂ ಗುಡಿಸಿಕೊಂಡು ಹೋಗುತ್ತದೆಂದು ನಮ್ಮಮ್ಮ ನಂಬುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ಅವಸರದಲ್ಲಿ ಹೊರಟ.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಅಲ್ಲೇ ಕುಸಿದು ಕುಳಿತರು. "ಅಯ್ಯ ಶಿವನ! ಮಂದೀಗೆಲ್ಲಾ ಬುದ್ಧಿ ಹೇಳಾಕಿ, ಅವರ ಮನಿ ಲಕ್ಷ್ಮೀನ್ನ ನಾನ ಕಸದಾಗ ಹಾಕಿ ಬಂದ್ನಲ್ಲವಾ! ಆ ಕೂಸಿಗೆ ಏನರ ಆದ್ರ?"

"ಅತ್ತೆ, ಕಡಲೆಕಾಯಿ ಸಿಪ್ಪೆಗೂ ಹೆರಿಗೆಗೂ ಏನು ಸಂಬಂಧ ಹೇಳಿ" ಎಂದೆ. ಅಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ಕೆಳಗೆ ಸೋನೆ ಮಳೆಯಲ್ಲಿ ಡಬ್ಬಿಯೊಳಕ್ಕೆ ಬಗ್ಗಿ ಚೀಲ ಎಳೆಯುತ್ತಿದ್ದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು ನೋಡಿದರು. ನನಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

"ಅತ್ತೆ, ಜನ ನೋಡ್ತಿದಾರೆ, ಬನ್ನಿ!"

"ನೋಡ್ಲಿ ಬಿಡು. ಹೊರಗ ಹಾಕಿದಾಕಿ ನಾನು, ಒಳಗ ತರಾಕಿನೂ ನಾನ."

ಮೇಲೆ ಬಂದು, ನಮ್ಮ ಚಹಾಪುಡಿ, ಈರುಳ್ಳಿ ಸಿಪ್ಪೆಯ ನಡುವಿನಿಂದ ಅವರ ಸಿಪ್ಪೆಗಳನ್ನು ಆರಿಸಿ ಆರಿಸಿ ಅವರ ಹೊಸ್ತಿಲ ಮುಂದೆ ಮತ್ತೆ ಹರಡಿದರು. ಮೊದಲು ಬಯ್ಯುತ್ತಾ ನಿಂತಿದ್ದೆ. ಆಮೇಲೆ ಅವರು ಒಂದೊಂದೇ ಸಿಪ್ಪೆಯನ್ನು ಸೆರಗಿನಲ್ಲಿ ಒರೆಸಿ ಇಡುವುದು ಕಂಡು, ನಾನೂ ಕುಳಿತು ಕೆಂಪು ಚೂರು ಹೆಕ್ಕಿದೆ. ಅಜ್ಜಿ ಬಾಗಿಲ ಸಂದಿಯಿಂದ ನೋಡಿದರು. ಮತ್ತೆ ಬಾಗಿಲು ಹಾಕಿಕೊಂಡರು.

ಅತ್ತೆ ಅವತ್ತು ಊಟ ಮುಟ್ಟಲಿಲ್ಲ. ಇಂಥದ್ದನ್ನೆಲ್ಲ ನಂಬದ ನಾನೂ ತಟ್ಟೆ ಪಕ್ಕಕ್ಕಿಟ್ಟೆ. ಆ ಹುಡುಗಿಗೆ ಏನೂ ಆಗದಿರಲಪ್ಪ ಎಂದು ಮನಸ್ಸು ತಾನಾಗಿಯೇ ಬೇಡಿಕೊಳ್ಳುತ್ತಿತ್ತು.

ಸಂಜೆ ಎದುರು ಮನೆಯ ಫೋನ್ ಹೊಡೆದುಕೊಂಡಿತು. ಅಜ್ಜಿ ಚೀರಿದ್ದು ಕೇಳಿಸಿತು. ಅಳುವೋ ನಗುವೋ ತಿಳಿಯಲಿಲ್ಲ. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮ ಬಾಗಿಲನ್ನು ಯಾರೋ ದಬದಬ ಬಡಿದರು. ತೆರೆದರೆ ಅಜ್ಜಿ, ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಎರಡೂ ಕೈಯಲ್ಲಿ ಕೂಸು ತೂಗಿದರು. ಆಮೇಲೆ ಕಿವಿಯ ಪಕ್ಕ ಎರಡು ಜಡೆ ಹೆಣೆದು ತೋರಿಸಿದರು.

"ಹೆಣ್ಣು! ಲಕ್ಷ್ಮಿ ಬಂದ್ಲವಾ, ಲಕ್ಷ್ಮಿ ಬಂದ್ಲು!" ಎಂದು ಅತ್ತೆ ಅವರನ್ನು ತಬ್ಬಿಕೊಂಡರು. ಸದ್ಯ, ಬದುಕಿದೆವು! ನಾನು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ.

ಐದನೆಯ ದಿನ ಅಜ್ಜಿ ತಮ್ಮ ಪೊರಕೆ ಹಿಡಿದು ಬಂದು, ಅತ್ತೆಗೂ ಕಸಬರಿಗೆ ತರುವಂತೆ ಸನ್ನೆ ಮಾಡಿದರು. ಇನ್ನು ಗುಡಿಸಬಹುದು, ಆದರೆ ಹೊರಗಿನಿಂದ ಒಳಗೆ ಮಾತ್ರ ಎಂದು ಅವರ ಮಗ ಕೂಸನ್ನೆತ್ತಿಕೊಂಡು ವಿವರಿಸಿದ. ಇಬ್ಬರೂ ಸಿಪ್ಪೆಯನ್ನೆಲ್ಲ ನಡುವೆ ಗುಡ್ಡೆ ಹಾಕಿದರು. ಅಜ್ಜಿ ಅದನ್ನು ಎರಡು ಪಾಲು ಮಾಡಿ, ಒಂದನ್ನು ತಮ್ಮ ಮನೆಯೊಳಗೆ ಗುಡಿಸಿಕೊಂಡರು. ಇನ್ನೊಂದನ್ನು ನಮ್ಮ ಹೊಸ್ತಿಲು ದಾಟಿಸಿ, ನನ್ನ ಬಿಳೀ ಕಾರ್ಪೆಟ್ಟಿನ ಮೇಲೆ ತಳ್ಳಿದರು.

ಅತ್ತೆ ನನ್ನ ಮುಖ ನೋಡಿದರು. ನಾನು ಹೋಗಿ ದೀಪ ಹಚ್ಚಿದೆ. ಹಚ್ಚಿದ ಮೇಲೆ ಹೇಗೂ ಗುಡಿಸುವಂತಿಲ್ಲವಲ್ಲ.